ರಾಯರು ಕಾಣೆಯಾಗಿದ್ದಾರೆ

1995ರ ಆಗಸ್ಟ್ 15ರಂದು ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. ಕೆಲವೇ ವರ್ಷಕ್ಕೆ ಡೊಂಬಿವಲಿಯ ನಮ್ಮ ಒಂದೂವರೆ ಕೋಣೆಗೂ ಮೋಡೆಮ್ ಬಂತು; ಕಿರುಚುವುದರಲ್ಲಿ ಪಕ್ಕದ ಮನೆಯ ಮಿಕ್ಸಿಗೇ ಸವಾಲು. ಯೂಸ್‌ನೆಟ್‌ನ ಕರ್ನಾಟಕ ಚರ್ಚಾಗುಂಪಿನಲ್ಲೊಬ್ಬ ಜಗಳಗಂಟ ರಾವ್. ಅವನನ್ನು ತೋರಿಸಲೇಬೇಡ ಎಂದು ನ್ಯೂಸ್‌ರೀಡರ್ ತಂತ್ರಾಂಶಕ್ಕೆ ಕಟ್ಟಪ್ಪಣೆ ಕೊಟ್ಟೆ.

ಮರುದಿನ ಗುಂಪೇ ಭಣಭಣ. ತಂತ್ರಾಂಶ ಕಿತ್ತು ಮತ್ತೆ ಹಾಕಿದೆ, 8.12ರ ಲೋಕಲ್ಲೂ ತಪ್ಪಿತು. ನಾನು ಬರೆದದ್ದೂ ಮಾಯ! ಕುಕ್ಕರ್ ಸೀಟಿ ಎಣಿಸುತ್ತಿದ್ದ ಇವಳು ಇಣುಕಿ, "ರೀ, ನೀವೂ ರಾವೇ ಅಲ್ವೇ?" ಎಂದಳು.

ನಾನು ಕೊಟ್ಟ ನಿಯಮದಲ್ಲಿದ್ದದ್ದು ಇಂಗ್ಲಿಷಿನ ಮೂರೇ ಅಕ್ಷರ: rao. ನಾಡಿನ ರಾಯರೆಲ್ಲ ಸಾಮೂಹಿಕವಾಗಿ ಬುಟ್ಟಿಗೆ. ಅದೇ ಅಕ್ಷರಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಪಾಪದ ಕರಾವೋಕೆಯೂ. ಆ ಜಗಳಗಂಟನ ಪೂರ್ತಿ ಇಮೇಲ್ ವಿಳಾಸ ಹಾಕಿ ಸರಿಪಡಿಸಿದೆ.

ಸಂಜೆಗೆ ಆಸಾಮಿ ಹೊಸ ವಿಳಾಸದಲ್ಲಿ ಹಾಜರ್.