ಸಾಂಸ್ಕೃತಿಕ ಯುರೋಪ್ ಪ್ರವಾಸ: ಲಕ್ಷಣ, ಪ್ರಯೋಗ, ಪ್ರಮಾಣ

ಯುರೋಪಿನ ದ್ವೀಪ, ನಗರ, ಪರ್ವತಗಳಿಗೆ ಸಂಸ್ಕೃತಿಯ ನಿಮಿತ್ತ ಹೋಗಿಬರುವುದಕ್ಕೆ ಸಾಂಸ್ಕೃತಿಕ ಪ್ರವಾಸವೆಂದು ಹೆಸರು. ಬರಿದೆ ಹೋಗಿಬರುವುದು ಲಕ್ಷಣವಾಗಲಾರದು. ವ್ಯಾಪಾರಕ್ಕೆ, ಓದಿಗೆ, ಮಗಳ ಬಾಣಂತನಕ್ಕೆ ಹೊರಟವರೂ ಅದೇ ವಿಮಾನದಲ್ಲಿ ಕುಳಿತಿರುತ್ತಾರೆ. ‘ಮೊದಲೇ ಚಿತ್ರದಲ್ಲಿ ಕಂಡದ್ದನ್ನು ಸ್ಥಳಕ್ಕೆ ಹೋಗಿ ತಾಳೆ ನೋಡಿ, ತಾಳೆಯಾಯಿತೆಂದು ನಾಲ್ವರಿಗೆ ತಿಳಿಸುವುದು’ ಎಂದರೆ ಅತಿವ್ಯಾಪ್ತಿ ದೋಷ ತಪ್ಪುತ್ತದೆ. ಎಂದೂ ಕಾಣದ್ದನ್ನು ಕಾಣಹೊರಡುವುದು ಅನ್ವೇಷಣೆ. ಅದು ಬೇರೆಯೇ ಶಾಸ್ತ್ರ. ಅದರಲ್ಲಿ ಜ್ವರ, ಹಡಗೊಡೆತ ಮೊದಲಾದ ಉಪದ್ರವಗಳು ಹೆಚ್ಚು.

ಶಾಸ್ತ್ರವೆಂದ ಮೇಲೆ ಅಧಿಕಾರಿ ಯಾರೆಂಬುದು ಮೊದಲು ನಿರ್ಣಯವಾಗಬೇಕು. ವೇದಾಂತದ ಅಧಿಕಾರಿಗೆ ಶಮ, ದಮ ಮುಂತಾದ ಆರು ಸಂಪತ್ತುಗಳು ಬೇಕು. ಇಲ್ಲಿಯೂ ಆರು: ಬ್ಯಾಂಕಿನ ಸ್ಟೇಟ್‌ಮೆಂಟು, ಹೋಟೆಲ್ ಬುಕಿಂಗು, ಹಿಂದಿರುಗುವ ಟಿಕೇಟು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ, ಹತ್ತು ಬೆರಳಿನ ಗುರುತು ಮತ್ತು 90 ಯೂರೋ ಶುಲ್ಕ. ವೈರಾಗ್ಯದ ಅಂಶವೂ ಇಲ್ಲದಿಲ್ಲ. ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಅಲ್ಲಿರುವ ಆಸೆ ತನಗಿಲ್ಲವೆಂದು ಅರ್ಜಿದಾರ ವೀಸಾ ಕಚೇರಿಗೆ ಮನವರಿಕೆ ಮಾಡಿಕೊಡಬೇಕು. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತಿದ್ದ ಹಡಗಿನ ಮೇಲೆ ಐದು ದೇಶಗಳು ಹಾಕಿದ ಸಹಿ ಇದಕ್ಕೆಲ್ಲ ಮೂಲ. ಈ ಹಳ್ಳಿಯ ಹೆಸರನ್ನು ಪಾಸ್‌ಪೋರ್ಟಿಗೆ ಅಂಟಿಸಿಕೊಂಡು ತಿರುಗುವವರು ಆ ಹಳ್ಳಿಗೆ ಮಾತ್ರ ಹೋಗುವುದಿಲ್ಲ. ಅದು ಪ್ಯಾಕೇಜಿನಲ್ಲಿಲ್ಲ.

ಈ ಶಾಸ್ತ್ರದ ಆದಿಪುರುಷ ಇಟಲಿಯ ಕವಿ ಪೆಟ್ರಾರ್ಕ್. ಈತ 1336ರ ಏಪ್ರಿಲ್ 26ರಂದು ತಮ್ಮನನ್ನು ಕರೆದುಕೊಂಡು ದಕ್ಷಿಣ ಫ್ರಾನ್ಸಿನಲ್ಲಿ 1,900 ಮೀಟರಿಗೂ ಎತ್ತರದ ಮೋಂ ವಾಂತೂ ಬೆಟ್ಟ ಹತ್ತಿದ. ಕುರಿ ಕಳೆದಿರಲಿಲ್ಲ, ಹರಕೆಯಿರಲಿಲ್ಲ; ಅಷ್ಟೆತ್ತರದಿಂದ ಏನು ಕಾಣುತ್ತದೋ ನೋಡಬೇಕೆಂಬುದೊಂದೇ ಕಾರಣವೆಂದು ಆತನೇ ಪತ್ರದಲ್ಲಿ ಹೇಳಿದ್ದಾನೆ. ತುದಿಯಲ್ಲಿ ಆಲ್ಪ್ಸ್ ಕಂಡಿತು, ರೋನ್ ನದಿ ಕಂಡಿತು. ಕೂಡಲೇ ಆತ ಸಂತ ಅಗಸ್ಟೀನನ ಆತ್ಮಕಥನದ ಕೈಹೊತ್ತಿಗೆ ತೆಗೆದು ಓದತೊಡಗಿದ. ತೆರೆದ ಪುಟದಲ್ಲೇ, ಬೆಟ್ಟ ಕಡಲುಗಳನ್ನು ನೋಡಿ ಬೆರಗಾಗುತ್ತ ತಮ್ಮನ್ನೇ ಮರೆಯುವ ಜನರ ಮೇಲೆ ಆಕ್ಷೇಪಣೆಯಿತ್ತು. ನಾಚಿಕೆಪಟ್ಟು, ಇಳಿದು ಮುಗಿಯುವ ತನಕ ಬಾಯಿ ತೆರೆಯಲಿಲ್ಲವಂತೆ. ದೃಶ್ಯ ಎದುರಿಗಿರುವಾಗ ಕೈಯಲ್ಲಿರುವುದನ್ನು ನೋಡತಕ್ಕದ್ದು ಎಂಬ ಪ್ರಥಮ ಸೂತ್ರ ಇಲ್ಲಿಂದ ಹುಟ್ಟಿತು. ಏಳು ಶತಮಾನಗಳಲ್ಲಿ ಕೈಯಲ್ಲಿನ ವಸ್ತು ಮಾತ್ರ ಬದಲಾಗಿದೆ. ಪತ್ರ ಎಷ್ಟೋ ವರ್ಷ ಕಳೆದ ಮೇಲೆ ಬರೆದದ್ದು, ಹತ್ತಿದ್ದೇ ಅನುಮಾನ ಎನ್ನುವ ವಿದ್ವಾಂಸರೂ ಇದ್ದಾರೆ. ಅವರು ಹೇಳುವುದು ನಿಜವಾದರೆ ಪೆಟ್ರಾರ್ಕನ ಗೌರವ ಇಮ್ಮಡಿಯಾಗುತ್ತದೆಯೇ ಹೊರತು ಕುಗ್ಗುವುದಿಲ್ಲ.

ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸಿರಿವಂತ ಮನೆತನಗಳು ತಮ್ಮ ಗಂಡುಮಕ್ಕಳನ್ನು ಪ್ಯಾರಿಸ್, ಫ್ಲಾರೆನ್ಸ್, ರೋಮ್, ವೆನಿಸ್‌ಗಳಿಗೆ ಅಟ್ಟುತ್ತಿದ್ದವು. 1670ರಲ್ಲಿ ಅಚ್ಚಾದ ರಿಚರ್ಡ್ ಲ್ಯಾಸೆಲ್ಸನ ಇಟಲಿ ಗ್ರಂಥ ಇದಕ್ಕೆ ಗ್ರ್ಯಾಂಡ್ ಟೂರ್ ಎಂಬ ಹೆಸರು ಕೊಟ್ಟಿತು. ಹುಡುಗನ ಜೊತೆಗೆ ಉಪಾಧ್ಯಾಯನೊಬ್ಬ ಇರುತ್ತಿದ್ದ. ಜನ ಆತನನ್ನು ಕರಡಿ ಆಡಿಸುವವನೆಂದು ಕರೆಯುತ್ತಿದ್ದರು. ಹುಡುಗನ ಪರವಾಗಿ ನೋಡುವುದು, ನೆನಪಿಡುವುದು, ತಂದೆಗೆ ಕಾಗದ ಬರೆಯುವುದು ಆತನ ಪಾಲಿನ ಕೆಲಸ. ಆಡಂ ಸ್ಮಿತ್ 1764ರಲ್ಲಿ ಯುವ ಡ್ಯೂಕನೊಬ್ಬನೊಂದಿಗೆ ಹೀಗೆ ಫ್ರಾನ್ಸಿಗೆ ಹೋಗಿ, ತುಲೂಸ್ ಪಟ್ಟಣದಲ್ಲಿ ಹೊತ್ತು ಹೋಗದೆ, ಕಾಲ ಕಳೆಯಲು ಒಂದು ಪುಸ್ತಕ ಬರೆಯತೊಡಗಿದ್ದೇನೆಂದು ಗೆಳೆಯ ಹ್ಯೂಮನಿಗೆ ತಿಳಿಸಿದ. ‘ವೆಲ್ತ್ ಆಫ್ ನೇಷನ್ಸ್’ ಅದೇ ಪುಸ್ತಕವೆಂದು ಬಹುಮಂದಿ ನಂಬುತ್ತಾರೆ. ಅರ್ಥಶಾಸ್ತ್ರವು ಪ್ರವಾಸದ ಬೇಸರದಿಂದ ಜನಿಸಿತೆಂಬ ಸಿದ್ಧಾಂತಕ್ಕೆ ಇದು ಆಧಾರ. ರೋಮಿಗೆ ಬಂದ ಹುಡುಗರು ಪೊಂಪೆಯೋ ಬತೋನಿ ಎಂಬ ಚಿತ್ರಕಾರನ ಮುಂದೆ ಕುಳಿತು, ಹಿನ್ನೆಲೆಯಲ್ಲಿ ಭಗ್ನ ಕಂಬವೋ ಕೊಲೋಸಿಯಮ್ಮೋ ಕಾಣುವಂತೆ ತಮ್ಮ ಪಟ ಬರೆಸಿಕೊಳ್ಳುತ್ತಿದ್ದರು. ಈಗ ತೋಳು ಚಾಚಿ ಅರೆಕ್ಷಣದಲ್ಲಿ ಮುಗಿಸುವ ಈ ಕರ್ಮಕ್ಕೆ ಆಗ ಹಲವು ಸಲ ಕೂರಬೇಕಿತ್ತು.

ಕರಡಿ ಆಡಿಸುವವನ ಸಂಬಳ ದುಬಾರಿಯಾದ್ದರಿಂದ ಆತನನ್ನು ಅಚ್ಚು ಹಾಕಲಾಯಿತು. ಲಂಡನ್ನಿನ ಜಾನ್ ಮರ್ರಿ 1836ರಲ್ಲಿ ಕೈಪಿಡಿ ತಂದ. ಜರ್ಮನಿಯ ಕಾರ್ಲ್ ಬೇಡೆಕರ್ 1840ರ ದಶಕದಲ್ಲಿ ನೋಡತಕ್ಕವುಗಳಿಗೆ ನಕ್ಷತ್ರ ಗುರುತು ಹಾಕಿದ. ನಕ್ಷತ್ರ ಬಂದ ಮೇಲೆ ಶಬ್ದಪ್ರಮಾಣವು ಪ್ರತ್ಯಕ್ಷಪ್ರಮಾಣವನ್ನು ಪೂರ್ತಿ ಸೋಲಿಸಿತು: ಎರಡು ನಕ್ಷತ್ರದ ಇಗರ್ಜಿಯ ಮುಂದೆ ಆನಂದವಾಗದಿದ್ದರೆ ದೋಷ ನೋಡುವವನದು. ಈ ವ್ಯವಸ್ಥೆಯನ್ನು ಅತ್ಯಂತ ಶ್ರದ್ಧೆಯಿಂದ ಪಾಲಿಸಿದವರೆಂದರೆ 1942ರ ಜರ್ಮನ್ ವಾಯುಪಡೆಯವರು. ಇಂಗ್ಲೆಂಡಿನ ಎಕ್ಸೆಟರ್, ಬಾತ್, ನಾರಿಚ್, ಯಾರ್ಕ್, ಕ್ಯಾಂಟರ್ಬರಿಗಳ ಮೇಲೆ ಬಿದ್ದ ಬಾಂಬುಗಳಿಗೆ ಬೇಡೆಕರ್ ದಾಳಿಯೆಂದೇ ಹೆಸರುಳಿಯಿತು. ಅಧಿಕಾರಿಯೊಬ್ಬ ಮೂರು ನಕ್ಷತ್ರದ ಕಟ್ಟಡಗಳನ್ನೆಲ್ಲ ಉರುಳಿಸುವುದಾಗಿ ಸಾರಿದನಂತೆ. ಕೈಪಿಡಿಯಲ್ಲಿ ಎರಡಕ್ಕಿಂತ ಹೆಚ್ಚು ನಕ್ಷತ್ರವೇ ಇಲ್ಲ. ಸರಿಯಾಗಿ ಓದದೆ ಹೊರಡುವ ಪ್ರವಾಸಿಗಳು ಎಲ್ಲ ಕಾಲದಲ್ಲೂ ಇದ್ದಾರೆ.

ಈ ಶಾಸ್ತ್ರದ ವಿಷಯ ಮೂರು ಬಗೆ. ಮೊದಲನೆಯದು ದ್ವೀಪ, ಏಕಾಂತ ಬಯಸುವ ಎಲ್ಲರೂ ಒಟ್ಟಾಗಿ ಹೋಗುವ ಸ್ಥಳ. ಗ್ರೀಸಿನ ಡೆಲೋಸ್ ಇದರಲ್ಲಿ ಆದರ್ಶಪ್ರಾಯ. ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಅಪೊಲೊ ದೇವರ ಈ ಜನ್ಮಭೂಮಿಯನ್ನು ಶುದ್ಧಿಗೊಳಿಸಲೆಂದು ಸಮಾಧಿಗಳನ್ನೆಲ್ಲ ಅಗೆದು ತೆಗೆದು, ಇನ್ನು ಇಲ್ಲಿ ಯಾರೂ ಹುಟ್ಟಕೂಡದು, ಸಾಯಕೂಡದು ಎಂದು ವಿಧಿಸಿದರು. ಈಗ ರಾತ್ರಿ ತಂಗುವುದಕ್ಕೂ ಅಪ್ಪಣೆಯಿಲ್ಲ. ಪ್ರವಾಸಿ ಹುಟ್ಟದೆ, ಸಾಯದೆ, ಮಲಗದೆ ಮಿಕೊನೋಸಿನ ದೋಣಿ ಹಿಡಿಯುತ್ತಾನೆ.

ಮಯೋರ್ಕದ ವಲ್ದೆಮೊಸ್ಸ ಹಳ್ಳಿ ಇನ್ನೂ ಬೋಧಪ್ರದ. 1838-39ರ ಚಳಿಗಾಲದಲ್ಲಿ ಸಂಗೀತಗಾರ ಶೊಪಾನ್ ಮತ್ತು ಲೇಖಕಿ ಜಾರ್ಜ್ ಸ್ಯಾಂಡ್ ಇಲ್ಲಿನ ಖಾಲಿ ಬಿದ್ದಿದ್ದ ಸನ್ಯಾಸಿಮಠದ ಕೋಣೆಗಳಲ್ಲಿ ಬಿಡಾರ ಹೂಡಿದರು. ಬಿಸಿಲಿಗೆಂದು ಬಂದವರಿಗೆ ಸಿಕ್ಕಿದ್ದು ಮಳೆ. ಶೊಪಾನನ ಕೆಮ್ಮು ಕೇಳಿ ಊರವರು ಹತ್ತಿರ ಬರಲಿಲ್ಲ. ಪ್ಯಾರಿಸಿನಿಂದ ತರಿಸಿದ ಪಿಯಾನೋ ಸುಂಕದ ಕಟ್ಟೆಯಲ್ಲಿ ಸಿಕ್ಕಿಕೊಂಡು, ಅವರು ಗಂಟುಮೂಟೆ ಕಟ್ಟುವ ಕಾಲಕ್ಕೆ ಕೈಸೇರಿತು. ಮರಳಿದ ಮೇಲೆ ಸ್ಯಾಂಡ್ ಒಂದು ಪುಸ್ತಕ ಬರೆದು, ಬೆಟ್ಟಗುಡ್ಡವನ್ನು ಹೊಗಳಿ, ದ್ವೀಪದ ಜನರನ್ನು ಸೋಮಾರಿಗಳು, ಕಳ್ಳರು ಎಂದೆಲ್ಲ ಹಿಗ್ಗಾಮುಗ್ಗಾ ಬೈದಳು. ಬೈಸಿಕೊಂಡವರ ಮೊಮ್ಮಕ್ಕಳು ಆ ಪುಸ್ತಕವನ್ನು ಹಲವು ಭಾಷೆಗಳಲ್ಲಿ ಅಂಗಡಿ ಮುಂದೆ ಜೋಡಿಸಿ ಮಾರುತ್ತಾರೆ. ಮಠದ ಕೋಣೆಗಳಿಗೆ ಟಿಕೇಟಿದೆ. ಬೈಗುಳವೂ ಸಾಕಷ್ಟು ಹಳತಾದರೆ ನಕ್ಷತ್ರವಾಗುತ್ತದೆ.

ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದ ಕಂಬಶಿಲೆಯ ಗುಹೆಯನ್ನು ಕಂಡು ಸಂಗೀತಗಾರ ಮೆಂಡೆಲ್ಸನ್ ‘ಹೆಬ್ರಿಡೀಸ್’ ಎಂಬ ವಾದ್ಯಕೃತಿ ರಚಿಸಿದನೆಂಬುದು ದೋಣಿಯವರ ಮತ. ಆದರೆ ಅದರ ಮೊದಲ ಸ್ವರಪಂಕ್ತಿಗಳನ್ನು ಆತ ಬರೆದು ಕಳಿಸಿದ ಕಾಗದದ ತಾರೀಕು 1829ರ ಆಗಸ್ಟ್ 7; ಸ್ಟಾಫಾಕ್ಕೆ ಹೋದದ್ದು ಮರುದಿನ. ಹೋದಾಗಲೂ ಸಮುದ್ರ ಉಬ್ಬರಿಸಿ, ಹೊಟ್ಟೆ ತೊಳಸಿ, ಗುಹೆಯ ವರ್ಣನೆಯನ್ನು ಜೊತೆಗಾರನೇ ಬರೆಯಬೇಕಾಯಿತು. ಸ್ಫೂರ್ತಿಯು ಸ್ಥಳಕ್ಕಿಂತ ಒಂದು ದಿನ ಮುಂಚೆ ತಲುಪುತ್ತದೆಂಬ ನಿಯಮಕ್ಕೆ ಇದು ಉದಾಹರಣೆ. ಲಾವಾ ಆರಿ ಆದ ಇಂಥವೇ ಕಂಬಗಳು ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲೂ ಇವೆ. ಅಲ್ಲಿಗೆ ವೀಸಾ ಬೇಡವಾದ ಕಾರಣ ಶಾಸ್ತ್ರ ಅದನ್ನು ಪಿಕ್ನಿಕ್ ಎಂಬ ಕೆಳವರ್ಗಕ್ಕೆ ಸೇರಿಸಿದೆ.

ಎರಡನೆಯದು ನಗರ. ಅದರ ಮುಖ್ಯ ಸಂಸ್ಕಾರ ಸಾಲಿನಲ್ಲಿ ನಿಲ್ಲುವುದು. ಪ್ಯಾರಿಸಿನ ಲೂವ್ರ್‌ನಲ್ಲಿ ಮೋನಾಲಿಸಾ ಇರುವ ಕೋಣೆ ಇದರ ಗರ್ಭಗುಡಿ. ಆ ಚಿತ್ರ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಎದುರಿನ ಗೋಡೆಯಲ್ಲಿ ಪಾವೊಲೊ ವೆರೊನೇಸೆಯ ‘ಕಾನಾದ ಮದುವೆ’ ಇದೆ, ಸುಮಾರು 6.8 ಮೀಟರ್ ಎತ್ತರ, 10 ಮೀಟರ್ ಅಗಲ, ಅಂದರೆ ಮೋನಾಲಿಸಾಳಿಗಿಂತ ನೂರರವತ್ತು ಪಟ್ಟಿಗೂ ದೊಡ್ಡದು. ಈ ಮದುವೆಯನ್ನು ವೆನಿಸ್ಸಿನ ಮಠವೊಂದರ ಊಟದ ಹಜಾರದಿಂದ 1797ರಲ್ಲಿ ನೆಪೋಲಿಯನ್ನನ ಸೈನ್ಯ ಹೊತ್ತು ತಂದಿತು. ಅಷ್ಟು ಶ್ರಮಪಟ್ಟು ತಂದ ಚಿತ್ರಕ್ಕೆ ಜಗತ್ತು ದಿನವಿಡೀ ಬೆನ್ನು ತೋರಿಸುತ್ತದೆ. ಮೋನಾಲಿಸಾಳ ಕಡೆಯಾದರೂ ಮುಖ ಮಾಡಿದೆಯೇ ಎಂದರೆ ಅದೂ ಇಲ್ಲ. ಆಕೆಯ ಜೊತೆ ತನ್ನ ಮುಖವೂ ಬರಬೇಕಾದ್ದರಿಂದ ಭಕ್ತ ಆಕೆಗೂ ಬೆನ್ನು ಮಾಡುತ್ತಾನೆ. ನೋಡಲು ಚಿತ್ರ ಇರಲೇಬೇಕೆ ಎಂಬ ಪೂರ್ವಪಕ್ಷ 1911ರಲ್ಲೇ ಇತ್ಯರ್ಥವಾಗಿದೆ. ಆ ವರ್ಷ ಆಗಸ್ಟ್ 21ರಂದು ವಿನ್ಚೆನ್ಸೊ ಪೆರೂಜಾ ಎಂಬ ಕೆಲಸಗಾರ ಚಿತ್ರವನ್ನು ಕದ್ದೊಯ್ದ. ಮ್ಯೂಸಿಯಂ ಮತ್ತೆ ತೆರೆದಾಗ ಖಾಲಿ ಗೋಡೆಯನ್ನೂ ಮೊಳೆಗಳನ್ನೂ ನೋಡಲು ಜನ ಸಾಲುಗಟ್ಟಿದರು. ಅದ್ವೈತಕ್ಕೆ ಯುರೋಪು ಇದಕ್ಕಿಂತ ಹತ್ತಿರ ಬಂದ ನಿದರ್ಶನ ಸಿಗುವುದು ಕಷ್ಟ.

ವಸ್ತುವಷ್ಟೇ ಅಲ್ಲ, ವ್ಯಕ್ತಿಯೂ ಇದ್ದಿರಬೇಕಾಗಿಲ್ಲ. ವೆರೋನಾದಲ್ಲಿ ಜೂಲಿಯೆಟ್ಟಳ ಮನೆಯಿದೆ. ಹಳೆಯ ಕಟ್ಟಡಕ್ಕೆ ಬಾಲ್ಕನಿ ಕೂಡಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಂಗಳದ ಕಂಚಿನ ಜೂಲಿಯೆಟ್ಟಳನ್ನು ಪ್ರೇಮ ಫಲಿಸಲೆಂದು ಜನ ಸವರಿ ಸವರಿ ಸವೆಸಿದ್ದರಿಂದ 2014ರಲ್ಲಿ ಆಕೆಯನ್ನು ಒಳಗಿಟ್ಟು ನಕಲೊಂದನ್ನು ನಿಲ್ಲಿಸಲಾಯಿತು. ಹೀಗೆ, ಹುಟ್ಟದೇ ಇದ್ದ ಹುಡುಗಿಗೆ ಮೂಲವಿಗ್ರಹವೂ ಇದೆ, ಉತ್ಸವಮೂರ್ತಿಯೂ ಇದೆ. ಸ್ವಿಟ್ಜರ್ಲೆಂಡಿನ ಮೈರಿಂಗನ್ ಬಳಿಯ ಜಲಪಾತದಲ್ಲಿ ಷರ್ಲಾಕ್ ಹೋಮ್ಸ್ ಬಿದ್ದನೆನ್ನಲಾದ ಜಾಗಕ್ಕೂ ಫಲಕವುಂಟು. ವೆನಿಸ್ಸಿನ ಸಂಗತಿ ಸರಳ, ಅಲ್ಲಿ ಊರಿನವರೇ ಇರಬೇಕಾಗಿಲ್ಲ. 1951ರಲ್ಲಿ ಹಳೆಯ ಊರಿನೊಳಗೆ ಒಂದೂಮುಕ್ಕಾಲು ಲಕ್ಷದಷ್ಟಿದ್ದ ಜನ ಈಗ ಐವತ್ತು ಸಾವಿರಕ್ಕೂ ಕಡಿಮೆ. 2024ರ ಏಪ್ರಿಲ್ 25ರಂದು, ಗೊತ್ತಾದ ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ 5 ಯೂರೋ ಪ್ರವೇಶಶುಲ್ಕ ಶುರುವಾಯಿತು.

ನಿಜವಾಗಿ ನೋಡಿಬಿಡುವ ಅಪಾಯದ ಕುರಿತು ಎಚ್ಚರಿಸುವುದು ಗ್ರಂಥಕಾರನ ಕರ್ತವ್ಯ. ಫ್ರೆಂಚ್ ಲೇಖಕ ಸ್ತಾಂದಾಲ್ 1817ರಲ್ಲಿ ಫ್ಲಾರೆನ್ಸಿನ ಸಾಂತಾ ಕ್ರೋಚೆ ಇಗರ್ಜಿಯಿಂದ ಹೊರಬರುವಾಗ ಎದೆ ಹೊಡೆದುಕೊಂಡು, ಬಿದ್ದೇನೆಂಬ ಭಯದಲ್ಲಿ ಹೆಜ್ಜೆ ಹಾಕಿದ್ದನ್ನು ದಾಖಲಿಸಿದ್ದಾನೆ. ಅದೇ ಊರಿನ ಮನೋವೈದ್ಯೆ ಗ್ರಾತ್ಸಿಯೆಲ್ಲಾ ಮಗೆರಿನಿ, ಕಲಾಕೃತಿಗಳ ಮುಂದೆ ತಲೆ ತಿರುಗಿ, ದಿಕ್ಕು ತಪ್ಪಿ ಆಸ್ಪತ್ರೆ ಸೇರಿದ ನೂರಕ್ಕೂ ಹೆಚ್ಚು ಪ್ರವಾಸಿಗಳನ್ನು ಪರಿಶೀಲಿಸಿ, ಇದಕ್ಕೆ ಸ್ತಾಂದಾಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಕಣ್ಣಿಗೂ ಕೃತಿಗೂ ನಡುವೆ ಫೋನು ಹಿಡಿಯುವ ವಾಡಿಕೆಯನ್ನು ಹಳಿಯುವವರು ಅದರ ಆರೋಗ್ಯದ ಮಗ್ಗುಲನ್ನು ಗಮನಿಸಿದಂತಿಲ್ಲ.

ಮೂರನೆಯದು ಪರ್ವತ. ಅದರ ರಸ ಮೊದಲು ಭಯಾನಕವಾಗಿತ್ತು. ಗ್ರ್ಯಾಂಡ್ ಟೂರಿನ ಹುಡುಗರನ್ನು ಹಮಾಲರು ಕುರ್ಚಿಯಲ್ಲಿ ಹೊತ್ತು ಆಲ್ಪ್ಸ್ ದಾಟಿಸುತ್ತಿದ್ದರು. ಜಿನೀವಾದ ವಿಜ್ಞಾನಿ ಸೋಸ್ಯೂರ್ ಬಹುಮಾನ ಸಾರಿದ ಮೇಲೆ 1786ರ ಆಗಸ್ಟ್ 8ರಂದು ಬಲ್ಮಾ ಎಂಬ ಹರಳು ಹುಡುಕುವವನೂ ಪಕ್ಕಾರ್ ಎಂಬ ವೈದ್ಯನೂ ಮೋಂ ಬ್ಲಾಂ ಹತ್ತಿದರು. ಮೊದಲು ಹೆಜ್ಜೆಯಿಟ್ಟವರು ಯಾರೆಂಬ ಜಗಳ ಇಳಿದೊಡನೆ ಶುರುವಾಯಿತು. 1871ರಲ್ಲಿ ರಿಗಿ ಬೆಟ್ಟಕ್ಕೆ ಹಲ್ಲುಹಳಿಯ ರೈಲು ಬಂದು ಭಯಾನಕ ಹೋಗಿ ಅದ್ಭುತ ಉಳಿಯಿತು. ರಿಗಿಯ ಸೂರ್ಯೋದಯ ನೋಡಲು ಹೋಗಿ, ಹಗಲೆಲ್ಲ ನಿದ್ದೆಹೊಡೆದು, ಮುಳುಗುವ ಸೂರ್ಯನನ್ನೇ ಉದಯವೆಂದು ಕಾದು ಕುಳಿತ ಪ್ರಸಂಗವನ್ನು ಮಾರ್ಕ್ ಟ್ವೇನ್ ತನ್ನ ಪ್ರವಾಸಗ್ರಂಥದಲ್ಲಿ ಸೇರಿಸಿದ್ದಾನೆ.

1912ರಲ್ಲಿ ಸುರಂಗದ ರೈಲು 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್ ತಲುಪಿತು. ಬೆಟ್ಟವನ್ನು ನೋಡಲು ಬೆಟ್ಟದ ಹೊಟ್ಟೆಯೊಳಗೇ ಹೋಗಬೇಕಾಗಿರುವುದು ಇಲ್ಲಿನ ವಿಶೇಷ. ಭಾರತೀಯರ ಪಾಲಿಗೆ ಇದು ಪುಣ್ಯಕ್ಷೇತ್ರ. ಮೇಲೆ ಭಾರತೀಯ ಊಟದ ಹೋಟೆಲಿದೆ. ಕೆಳಗೆ ಇಂಟರ್‌ಲಾಕನ್ನಿನಲ್ಲಿ, ಈ ಹಿಮವನ್ನು ಪರದೆಯ ಮೇಲೆ ಮನೆಮನೆಗೆ ಮುಟ್ಟಿಸಿದ ಯಶ್ ಚೋಪ್ರಾ ಅವರ ಪ್ರತಿಮೆಯಿದೆ. ಮೋಡ ಕವಿದು ಏನೂ ಕಾಣದಿದ್ದರೆ ದರ್ಶನವಾದಂತೆಯೋ, ಇಲ್ಲವೋ? ಆದಂತೆಯೇ ಎಂಬುದು ಸಿದ್ಧಾಂತ. ಎತ್ತರ ಬರೆದ ಫಲಕ ಫೋಟೊದಲ್ಲಿ ಬಂದಿದ್ದರೆ ಸಾಕು.

ಸಂಚಾರದ ಅಂಗಗಳಲ್ಲಿ ಬಸ್ಸು ಪ್ರಧಾನ. ಯುರೋಪಿನ ಕಾನೂನಿನಂತೆ ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿರಮಿಸಬೇಕು. ಯಂತ್ರವೊಂದು ಅದನ್ನೆಲ್ಲ ಬರೆದುಕೊಳ್ಳುತ್ತದೆ. ಆದಕಾರಣ ಮೈಕೆಲೆಂಜೆಲೊಗೆ ಇಪ್ಪತ್ತು ನಿಮಿಷ, ಹೆದ್ದಾರಿಯ ಪೆಟ್ರೋಲ್ ಬಂಕಿಗೆ ಮುಕ್ಕಾಲು ಗಂಟೆ ಸಲ್ಲುತ್ತದೆ. ಅಲ್ಲಿ ಶೌಚಕ್ಕೆ ಚಿಲ್ಲರೆ ತೆತ್ತು, ಚಟ್ನಿಪುಡಿ, ಕೋಡುಬಳೆಗಳ ಡಬ್ಬಿ ಬಿಚ್ಚಲಾಗುತ್ತದೆ. ಹೊರಗಿನಿಂದ ಹಾಲಿನ ಪದಾರ್ಥ ತರುವುದು ನಿಷಿದ್ಧವಾದ್ದರಿಂದ ತುಪ್ಪ ಇಲ್ಲ. ತಪಸ್ಸಿನ ಅಂಶ ಇಷ್ಟೇ.

ಉಳಿದದ್ದು ಪ್ರಯೋಜನ ಮತ್ತು ಪ್ರಮಾಣ. ಹಿಂದೆ ಯುರೋಪಿಗೆ ಹೋದ ಕನ್ನಡಿಗರ ತಲೆಯ ಮೇಲೆ ಪುಸ್ತಕ ಬರೆಯುವ ಋಣವಿರುತ್ತಿತ್ತು. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದು, ಕಾರಂತರು ‘ಅಪೂರ್ವ ಪಶ್ಚಿಮ’ ಬರೆದು ತೀರಿಸಿದರು. ಈಗ ವಾಟ್ಸಾಪ್ ಸ್ಟೇಟಸ್ಸು ಸಾಕು. ಅದು 24 ಗಂಟೆಯಲ್ಲಿ ತಾನೇ ಅಳಿಯುವುದರಿಂದ ವಿಮರ್ಶಕರ ಕಾಟವಿಲ್ಲ. ನೋಡಿದ ದೇಶಗಳ ಎಣಿಕೆಯಲ್ಲಿ ವ್ಯಾಟಿಕನ್ ಪೂರ್ಣಾಂಕ ಪಡೆಯುತ್ತದೆ, ವಿಸ್ತೀರ್ಣ 44 ಹೆಕ್ಟೇರಾಗಿ ಲಾಲ್‌ಬಾಗಿನ ಅರ್ಧಕ್ಕೂ ಕಡಿಮೆಯಿದ್ದರೂ. ತೊಡಕಿರುವುದು ಪುರಾವೆಯಲ್ಲಿ. ಷೆಂಗೆನ್ ಗಡಿಯೊಳಗೆ ಎಷ್ಟು ದೇಶ ಸುತ್ತಿದರೂ ಸಿಗುತ್ತಿದ್ದುದು ಒಳಬರುವಾಗ ಒಂದು ಮೊಹರು, ಹೊರಡುವಾಗ ಒಂದು. 2025ರ ಅಕ್ಟೋಬರ್ 12ರಿಂದ ಜಾರಿಗೆ ಬಂದ ಹೊಸ ಪದ್ಧತಿ ಆ ಎರಡನ್ನೂ ಬಿಟ್ಟು ಮುಖ, ಬೆರಳುಗಳನ್ನು ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತದೆ. ಸದ್ಯ ಲಿಕ್ಟನ್‌ಸ್ಟೈನ್ ಒಂದೇ ಆಸರೆ: ವಾಡೂಜ್ ಪಟ್ಟಣದ ಪ್ರವಾಸಿ ಕಚೇರಿಯಲ್ಲಿ ಕೆಲವು ಫ್ರಾಂಕ್ ಕೊಟ್ಟರೆ ಪಾಸ್‌ಪೋರ್ಟಿಗೆ ನೆನಪಿನ ಮೊಹರು ಒತ್ತಿಕೊಡುತ್ತಾರೆ. ಗಡಿ ಕಾಯುವವರಿಗೆ ಅದು ಲೆಕ್ಕಕ್ಕಿಲ್ಲ, ಮನೆಗೆ ಬಂದ ನೆಂಟರಿಗೆ ಸಾಕಾಗುತ್ತದೆ.