ಹಲಗಿ ಮಾಸ್ತರು

ಮಗಳ ಬಾಣಂತನಕ್ಕೆಂದು ಅಮೆರಿಕಾಕ್ಕೆ ಹೋಗಿ ಬಂದವರು ಚಾಕಲೇಟು ತರುತ್ತಾರೆ, ಇಲ್ಲವೆ ಮಂಡಿನೋವು ತರುತ್ತಾರೆ. ಯಲಬುರ್ಗಾದ ನಮ್ಮ ಸೋದರಮಾವ ತಂದದ್ದು ಡೆಕ್ಕು. ಪೆಟ್ಟಿಗೆಯಲ್ಲಲ್ಲ, ತಲೆಯಲ್ಲಿ.

ಡೆಕ್ ಅಂದರೆ ಮತ್ತೇನಲ್ಲ. ಹಿತ್ತಲಲ್ಲಿ ನೆಲದಿಂದ ಮೊಳದೆತ್ತರಕ್ಕೆ ಹಲಗೆ ಹಾಸಿ, ಮೇಲೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುವ ಜಾಗ. ಅತ್ತೆ ಮೊದಲ ದಿನವೇ ಕೇಳಿದ್ದರು: "ಮುಂದ ಅಷ್ಟು ದೊಡ್ಡ ಕಟ್ಟಿ ಐತಲ್ರಿ, ಅದೇನ ಮಾಡೇತಿ ನಿಮಗ?"

"ಕಟ್ಟಿ ಬ್ಯಾರೆ, ಡೆಕ್ ಬ್ಯಾರೆ. ಕಟ್ಟಿ ಮ್ಯಾಲೆ ಹಾದಿ ಹೋಗೋರೆಲ್ಲ ಬಂದು ಕುಂದರತಾರ. ಡೆಕ್ ಅಂದ್ರ ಪ್ರೈವೆಸಿ."

ಮಾವ ಗಣಿತದ ಮಾಸ್ತರರಾಗಿ ನಿವೃತ್ತರಾದವರು. ಹಾಗಾಗಿ ಕಟ್ಟಿಗೆ ಆರಿಸುವುದಕ್ಕೇ ಮೂರು ತಿಂಗಳು ಹಿಡಿಯಿತು, ಇನ್ನೂರು ಪುಟದ ನೋಟ್‌ಬುಕ್ಕೂ ಹಿಡಿಯಿತು. ಗಂಗಾವತಿಯ ಸಾ ಮಿಲ್ಲಿನಲ್ಲಿ ಸಾಗವಾನಿಯ ರೇಟು ಕೇಳಿ ಎರಡು ಲೋಟ ನೀರು ಕುಡಿದು ಬಂದರು. ಬಂಡಿ ಗಾಲಿಗೆ ಆಗುವ ಜಾಲಿ ಡೆಕ್ಕಿಗೇಕೆ ಆಗಬಾರದು ಎಂದು ವಾರವಿಡೀ ವಾದ ಮಾಡಿದರು. ಕಟ್ಟಿಗೆಯ ಗೊಂಬೆಗೆ ಹೆಸರಾದ ಕಿನ್ನಾಳಕ್ಕೂ ಹೋಗಿದ್ದರು. ಅಲ್ಲಿಯ ಚಿತ್ರಗಾರರೊಬ್ಬರು ಅರ್ಧ ಬಣ್ಣ ಹಚ್ಚಿದ ಗಣಪತಿಯನ್ನು ಪಕ್ಕಕ್ಕಿಟ್ಟು, "ಸರ, ನಾವು ತರೂದು ಹಗುರ ಮರ. ಇದರ ಮ್ಯಾಲೆ ಗಣಪ್ಪ ಕುಂದರತಾನ, ನೀವು ಕುಂತ್ರ ಮುರೀತೈತಿ" ಅಂದರಂತೆ.

ಹೊಸಪೇಟೆಯಲ್ಲಿ ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿದ ಹಲಗೆ ಸಿಕ್ಕಿತು. ಗೆದ್ದಲು ಹತ್ತುವುದಿಲ್ಲ, ಎಣ್ಣೆ ಬೇಡ. ಮಾವನಿಗೆ ಬಾಯಿಮಾತು ಸಾಲದು. ಮೇ ತಿಂಗಳ ನಡುಹಗಲು, ನಲವತ್ತು ಡಿಗ್ರಿ ಬಿಸಿಲಲ್ಲಿ ಸ್ಯಾಂಪಲ್ ಹಲಗೆಯನ್ನು ಹಿತ್ತಲಲ್ಲಿಟ್ಟು, ಎರಡು ತಾಸು ಬಿಟ್ಟು ಪಂಚೆ ಎತ್ತಿ ಕೂತೇಬಿಟ್ಟರು. ಎಷ್ಟು ಹೊತ್ತು ಕೂತಿದ್ದರೆಂದು ಅತ್ತೆ ಹೇಳುವುದಿಲ್ಲ. ಬರ್ನಾಲ್ ಹಚ್ಚಿದ್ದನ್ನು ಮಾತ್ರ ಹೇಳುತ್ತಾರೆ.

ಕೊನೆಗೆ ಕುಕನೂರಿನಲ್ಲಿ ಕೆಡವಿದ ಹಳೆಯ ಮಾಳಿಗೆ ಮನೆಯೊಂದರ ಸಾಗವಾನಿ ತೊಲೆಗಳು ಸಿಕ್ಕವು. ಅವನ್ನು ಹಲಗೆ ಕೊಯ್ಯಿಸಿದ ಮೇಲೆ ಬಡಿಗೇರನ ಜೊತೆ ಜಗಳ ಶುರುವಾಯಿತು.

"ಹಲಗಿ ನಡುವ ಸಂದಿ ಬಿಡು. ಆರು ಮಿಲಿಮೀಟರ್."

"ಸಂದಿ ಬಿಟ್ರ ನಮ್ಮ ಹೆಸರು ಕೆಡತೈತ್ರಿ ಸರ. ಕೂಡಸಾಕ ಬರಂಗಿಲ್ಲ ಇವಗ ಅಂತಾರ ಮಂದಿ."

"ಮಳಿ ನೀರು ಇಳೀಬೇಕಲ್ಲೋ! ತೊಯ್ದ ಕಟಗಿ ಉಬ್ಬತೈತಿ."

"ಯಲಬುರ್ಗಾದಾಗ ಮಳಿ ಎಲ್ಲಿ ಐತ್ರಿ?"

ಮಾವ ಒಳಗೆ ಹೋಗಿ ಪಾಟಿ ಮೇಲೆ ಬರೆಯುವ ಬಳಪ ತಂದರು. ಪ್ರತಿ ಎರಡು ಹಲಗೆಯ ನಡುವೆ ಬಳಪ ನಿಲ್ಲಿಸಿ, ಆಮೇಲೆ ಸ್ಕ್ರೂ. ಬಡಿಗೇರ ಅಷ್ಟೂ ದಿನ ಯಾರಾದರೂ ನೋಡಿಯಾರೆಂದು ಹಿತ್ತಲ ಬಾಗಿಲು ಮುಚ್ಚಿಕೊಂಡೇ ಕೆಲಸ ಮಾಡಿದ. ಮಣ್ಣು ತಾಗಿದರೆ ಗೆದ್ದಲು ಹತ್ತುತ್ತದೆಂದು ಕಾಲುಗಳ ಕೆಳಗೆ ಕುಷ್ಟಗಿ ಕಡೆಯಿಂದ ತಂದ ಕೆಂಪು ಕಲ್ಲಿನ ಚೂರು. ಇಳಕಲ್ ಗ್ರಾನೈಟ್ ಎಂದು ಹಡಗು ಹತ್ತಿ ಪರದೇಶಕ್ಕೆ ಹೋಗುವ ಕಲ್ಲದು. ನಮ್ಮಲ್ಲಿ ಹಲಗೆಗೆ ಕಾಲ್ಮಣೆಯಾಯಿತು.

ಆಗ ಶುರುವಾದದ್ದು ಆರೈಕೆ. ವರ್ಷಕ್ಕೆರಡು ಸಲ ಅಗಸಿ ಎಣ್ಣೆ ಉಣಿಸಬೇಕು. "ರೊಟ್ಟಿಗೆ ಅಗಸಿ ಹಿಂಡಿ ಇಲ್ಲ, ಹಲಗಿಗೆ ಅಗಸಿ ಎಣ್ಣಿ" ಎಂದು ಅತ್ತೆ ಗೊಣಗುವುದುಂಟು. ಒಮ್ಮೆ ಎಣ್ಣೆ ಸಾಲದೆ ಬಂದಾಗ, ಮಿರ್ಚಿ ಕರಿದು ಉಳಿದ ಶೇಂಗಾ ಎಣ್ಣೆಯನ್ನು ಅವರೇ ಬಗ್ಗಿಸಿಕೊಟ್ಟರು. ಅಗಸಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆಗೆ ಆ ಗುಣವಿಲ್ಲ. ಆ ಮೂಲೆ ಇಡೀ ಬೇಸಿಗೆ ಜಿಗಿಜಿಗಿ ಅಂತಿತ್ತು. ಇರುವೆ ಬಂದವು, ಧೂಳು ಬಂತು, ಓಣಿಯ ಬೆಕ್ಕುಗಳು ಬಂದು ಹಲಗೆ ನೆಕ್ಕಿದವು.

ಎಣ್ಣೆ ಹಚ್ಚಿದ ಮೂರು ದಿನ ಕೂಡುವಂತಿಲ್ಲ. ತೊಯ್ದಾಗ ಕೂಡುವಂತಿಲ್ಲ. ಬೇಸಿಗೆಯಲ್ಲಿ ಹನ್ನೊಂದರಿಂದ ಐದರವರೆಗೆ ಕೂಡುವುದು ಹೇಗೂ ಸಾಧ್ಯವಿಲ್ಲ. ಒಂದು ಸಂಜೆ ಅತ್ತೆ ಧೈರ್ಯ ಮಾಡಿ ಕೂತರು. ಬೆಂಡೋಲೆಯ ತಿರುಪು ಸಂದಿಯೊಳಗೆ ಬಿತ್ತು. ಹದಿನಾಲ್ಕು ಹಲಗೆ ಬಿಚ್ಚಿದರು. ತಿರುಪು ಸಿಗಲಿಲ್ಲ, ಚೇಳು ಸಿಕ್ಕಿತು.

ಪ್ರೈವೆಸಿಗೆಂದು ಕಟ್ಟಿದ್ದಲ್ಲವೇ? ಹಾಗಾಗಿ ಡೆಕ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನೇ ಮಾವನಿಗೆ ತಡೆದುಕೊಳ್ಳಲಾಗಲಿಲ್ಲ. ಕಟ್ಟೆಗೆ ಬಂದು ಕೂತವರನ್ನು, ಲೈಟ್ ಬಿಲ್ಲು ಕೊಡಲು ಬಂದವನನ್ನು, ದಾರಿ ಕೇಳಿದ ಅಪರಿಚಿತನನ್ನೂ ಪಡಸಾಲೆ, ಅಡುಗೆಮನೆ ದಾಟಿಸಿ ಹಿತ್ತಲಿಗೆ ಕರೆದೊಯ್ಯುತ್ತಾರೆ. "ಕುಂದರಬ್ಯಾಡ್ರಿ, ನೋಡ್ರಿ."

ಒಂದೇ ಒಂದು ಲೆಕ್ಕ ತಪ್ಪಿತ್ತು. ನಮ್ಮದು ಎರಿ ನೆಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಹಿಟ್ಟಿನ ಹಾಗೆ ಉಬ್ಬುತ್ತದೆ. ಮೇಲಿದ್ದ ಕಲ್ಲು, ಕಾಲು, ಹಲಗೆ ಎಲ್ಲ ಅದರ ಜೊತೆ ಏರಿಳಿಯುತ್ತವೆ. ದಿನಾ ಬೆಳಿಗ್ಗೆ ಮಾವ ರಸಮಟ್ಟ ಇಟ್ಟು, ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ಗುಳ್ಳೆ ನೋಡುತ್ತಾರೆ. ಏಪ್ರಿಲ್‌ನಲ್ಲಿ ಗುಳ್ಳೆ ಬಾವಿ ಕಡೆ, ಆಗಸ್ಟ್‌ನಲ್ಲಿ ದನದ ಕೊಟ್ಟಿಗೆ ಕಡೆ. ಒಡೆದ ಪಾಟಿಯ ಚೂರು ಹಾಕಿ ಮಟ್ಟ ಮಾಡುವುದು, ತೆಗೆಯುವುದು, ಮತ್ತೆ ಹಾಕುವುದು. ಓಣಿಯವರು ಈಗ "ಗುಳ್ಳಿ ಎತ್ತಾಗ ಐತ್ರಿ ಮಾಸ್ತರ?" ಎಂದು ಕೇಳಿಯೇ ಬೀಜ ಗೊಬ್ಬರದ ಮಾತು ತೆಗೆಯುತ್ತಾರೆ.

ಹೋದ ತಿಂಗಳು ಮಗಳು ವಿಡಿಯೊ ಕಾಲ್ ಮಾಡಿದ್ದಳು. ಫೋನು ತಿರುಗಿಸಿ ಹಿತ್ತಲು ತೋರಿಸಿದಳು. ಮಾವ ಅಲ್ಲಿ ಕಂಡು ಬಂದಿದ್ದ ಡೆಕ್ ಇರಲಿಲ್ಲ.

"ಹಿಮಕ್ಕ ಹಲಗಿ ಕೊಳತಿದ್ವಪ್ಪ. ವರ್ಷಾ ವರ್ಷಾ ಬಣ್ಣ ಹೊಡದು ಸಾಕಾತು. ಕಿತ್ತು ಒಗದು ಕಲ್ಲು ಹಾಸಿಸಿದ್ವಿ."

ಅತ್ತೆ ಕನ್ನಡಕ ಹಾಕಿಕೊಂಡು ಫೋನಿಗೆ ಮುಖ ತಂದರು. "ಕೆಂಪಗ ಚಂದ ಅದಾವು. ಎಲ್ಲೀವ?"

"ಇಂಡಿಯಾದಿಂದ ಬಂದಾವಂತವ್ವ."

ಅತ್ತೆ ಏನೂ ಅನ್ನದೆ ಮಾವನ ಕಡೆ ನೋಡಿದರು. ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನನ್ನು ಅತ್ತೆಯ ಕೈಯಿಂದ ತಗೊಂಡು, "ರಸಮಟ್ಟ ಇಟ್ಟು ನೋಡೀರೇನು?" ಎಂದು ಕೇಳಿದರು.