ದಿವಾನಸಂಧಿಮೀಮಾಂಸೆ

ರಾಜ್ಯಶಾಸ್ತ್ರಜ್ಞರಿಂದ ಇಂದಿನವರೆಗೂ ಉಪೇಕ್ಷಿತವಾದ ಶಾಸ್ತ್ರವೊಂದನ್ನು ಸಕಲೇಶಪುರ-ಆಲೂರು ಗಿರಿಪ್ರಾಂತದ ಹಿತಾರ್ಥವಾಗಿ ಇಲ್ಲಿ ಪ್ರತಿಷ್ಠಾಪಿಸಲಾಗಿದೆ. ಲಕ್ಷಣ: ಎರಡು ಆಡಳಿತಗಳು ಕಾಲವಿಳಂಬವಿಲ್ಲದೆ ಕೂಡುವೆಡೆಯಲ್ಲಿ ದಿವಾನರಿಂದ ಉಂಟಾಗುವ ವಿಕಾರವೇ ದಿವಾನಸಂಧಿ. ಕೂಡಿದ್ದು 1881ರ ಮಾರ್ಚ್ 25ರಂದು, ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸಿದಾಗ. ಸೂತ್ರಕಾರರು ದಿವಾನ ಸಿ. ವಿ. ರಂಗಾಚಾರ್ಲು.

1. ಆದೇಶ. ಚೀಫ್ ಕಮಿಷನರ್ ಸ್ಥಾನಿ, ದಿವಾನರು ಆದೇಶ. ವ್ಯಾಕರಣದಲ್ಲಿ ಆದೇಶಕ್ಕೆ ಎಡೆಗೊಟ್ಟು ಸ್ಥಾನಿಯು ನಿರ್ಗಮಿಸಬೇಕು. ಇಲ್ಲಿ ಚೀಫ್ ಕಮಿಷನರ್ ಗಾರ್ಡನ್ ಸಾಹೇಬರು ರೆಸಿಡೆಂಟರಾಗಿ ಉಳಿದೇ ಬಿಟ್ಟರು. ಇದು ಸ್ಥಾನಿಶೇಷಾದೇಶ. ವಿಸ್ತರಿಸುವುದು ಅನಪೇಕ್ಷಿತ.

2. ಲೋಪ. ಅರ್ಥಹಾನಿಯಾಗದಿದ್ದಲ್ಲಿ ಮಾತ್ರ ಲೋಪ ವಿಹಿತವೆಂದು ವೈಯಾಕರಣರ ಮತ. ಅರ್ಥಹಾನಿ ಆಗದಿರಲೆಂದೇ ಲೋಪವೆಂದು ದಿವಾನರ ಮತ. 1876–78ರ ಕ್ಷಾಮವು ಬೊಕ್ಕಸದ ಮೇಲೆ 80 ಲಕ್ಷ ರೂಪಾಯಿ ಸಾಲ ಹೊರಿಸಿತ್ತು. ತನ್ನಿಮಿತ್ತ 1882ರಲ್ಲಿ ಎಂಟು ಜಿಲ್ಲೆಗಳು ಆರಾಗಿ, ಹಾಸನ ಮತ್ತು ಚಿತ್ರದುರ್ಗಗಳು ಲುಪ್ತವಾದವು. ಉಪಭೇದಗಳು ಮೂರು: (ಅ) ನಾಮಲೋಪ, (ಆ) ಕಚೇರಿಲೋಪ, (ಇ) ಕಂದಾಯಲೋಪ. ಮೂರನೆಯದನ್ನು ಶಾಸ್ತ್ರದ ಪೂರ್ಣತೆಗಾಗಿ ಹೇಳಿದೆ; ಉದಾಹರಣೆ ಲಭ್ಯವಿಲ್ಲ.

3. ಪ್ರಕೃತಿಭಾವ. ಸಂಧಿಗೆ ಅವಕಾಶವಿದ್ದೂ ವಿಕಾರ ಹೊಂದದಿರುವುದು. ಆಷಾಢದ ಜಡಿಮಳೆಯಲ್ಲಿ ಗೊರಬು ಹೊದ್ದು ಗದ್ದೆಯ ಬದುವಿನಲ್ಲಿ ನಿಂತು, ಹಿಮ್ಮಡಿಗೆ ಕಚ್ಚಿದ ಉಂಬಳಕ್ಕೆ ಸುಣ್ಣ ಹಚ್ಚುವ ಮಂಜರಾಬಾದಿನ ರೈತನೇ ಇದಕ್ಕೆ ನಿದರ್ಶನ. ಈತನ ನಾಡು ಮೊದಲು ಬಲಂ. ಟಿಪ್ಪು ಮಂಜರಾಬಾದ್ ಎಂದ. ಮುಂದೆ ತಾಲ್ಲೂಕಿಗೆ ಸಕಲೇಶಪುರವೆಂದಾಯಿತು. ಹಾಸನ ಜಿಲ್ಲೆಯು ಇದ್ದಾಗಲೂ ಇಲ್ಲದಾಗಲೂ ಉಂಬಳವು ಅದೇ ಹಿಮ್ಮಡಿಯನ್ನು ಗುರುತಿಸಿತು. ಪ್ರಾದೇಶಿಕ ಪುನರ್ವಿಂಗಡಣೆಯ ವಿಷಯದಲ್ಲಿ ಉಂಬಳವು ಸಂಪೂರ್ಣ ತಟಸ್ಥವೆಂಬುದು ಪ್ರಸ್ತುತ ಲೇಖಕನ ಸಿದ್ಧಾಂತ.

4. ಆಗಮ. ಮುಖ್ಯ ಪ್ರಕರಣ ಇದು. ಇಲ್ಲದ ವರ್ಣವು ನಡುವೆ ಬಂದು ಸೇರುವಂತೆ, ದಿವಾನರಿಗೂ ಪ್ರಜೆಗಳಿಗೂ ನಡುವೆ ಪ್ರಜಾಪ್ರತಿನಿಧಿ ಸಭೆ ಬಂದು ಸೇರಿತು. ಪ್ರಥಮಾಧಿವೇಶನ 1881ರ ಅಕ್ಟೋಬರ್ 7ರಂದು, ಮೈಸೂರಿನಲ್ಲಿ. ಸದಸ್ಯರು 144, ಹೆಚ್ಚಾಗಿ ರೈತರೂ ವರ್ತಕರೂ. ಇದು ವಾಗಾಗಮ ಮತ್ತು ಶ್ರವಣಾಗಮ. ಹಸ್ತಾಗಮವಲ್ಲ, ಏಕೆಂದರೆ ಕೈಯೆತ್ತಿ ನಿರ್ಣಯಿಸುವ ಅಧಿಕಾರ ಸಭೆಗಿರಲಿಲ್ಲ. ಸದಸ್ಯನು ಅಹವಾಲು ಹೇಳಬಹುದು, ಸರ್ಕಾರದ ವರದಿ ಕೇಳಬಹುದು, ಊರಿಗೆ ಮರಳಬಹುದು. ಇಷ್ಟೇ ತಾನೇ ಎಂದು ಮೂಗು ಮುರಿಯುವವರು ಸೂತ್ರಕಾರರ ಚಾತುರ್ಯ ತಿಳಿಯದವರು: ವರ್ಷಕ್ಕೊಮ್ಮೆ ಮಾತಾಡುವ ಅಭ್ಯಾಸ ಹತ್ತಿದ ಪ್ರಜೆಯ ಬಾಯನ್ನು ಮುಂದಿನ ಯಾವ ದಿವಾನರಿಗೂ ಮುಚ್ಚಿಸಲಾಗಲಿಲ್ಲ.

ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಹಾಸನ ಜಿಲ್ಲೆ 1886ರಲ್ಲಿ ಮರಳಿ ಬಂತು; ಲೋಪದ ಆಯುಷ್ಯ ನಾಲ್ಕೇ ವರ್ಷ. ಆಗಮವು 1949ರವರೆಗೆ ನಡೆಯಿತು.